ಹತ್ತನೇ ತರಗತಿಗೂ ಕಲಾ ಅವಧಿ ಕಡ್ಡಾಯ ಬೇಕೇ?

ಪರ: ಅವಧಿ ಕೊಡಿ, ಮಳೆ ನೋಡಿ ಕೊಡಿ

ಎಸ್ಸೆಸ್ಸೆಲ್ಸಿ ಎಂದರೆ 625 ಅಂಕ, ಅಷ್ಟೇ ಎನ್ನುವ ಶಾಲೆಯಲ್ಲಿ ಗಣಿತಕ್ಕೆ ಹೆದರಿ ಹಿಂದಿನ ಬೆಂಚು ಹಿಡಿದವನಿಗೆ ದಿನಾ ಬರಲು ಬೇರೊಂದು ಕಾರಣ ಬೇಕು. ಕೇಳುತ್ತಿರುವುದು ವಾರಕ್ಕೆ 40 ನಿಮಿಷದ ಎರಡು ಅವಧಿ, ಅದೂ ಬೆನ್ನುಬೆನ್ನಿಗೆ. ಬಿಡಿಯಾಗಿ ಕೊಟ್ಟರೆ ಬಣ್ಣ ಕಲಸಿ ಕುಂಚ ತೊಳೆಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಶಾಲೆ ಬಿಟ್ಟ ಮೇಲೆ ಅಭ್ಯಾಸ ಮಾಡಿಸಿ ಎನ್ನುವವರು ಸಕಲೇಶಪುರ, ಮೂಡಿಗೆರೆಯ ತೋಟದ ಲೈನುಗಳಿಗೆ (ಕಾರ್ಮಿಕರ ಸಾಲು ಮನೆಗಳಿಗೆ) ಹೋಗುವ ಸಂಜೆ ಬಸ್ಸನ್ನು ಮರೆಯುತ್ತಾರೆ. ಅದು ತಪ್ಪಿದರೆ ಕತ್ತಲಲ್ಲಿ ನಡಿಗೆ. ಮೊದಲು ಬಿಟ್ಟುಹೋಗುವವರು ಹುಡುಗಿಯರು.

ಮಲೆನಾಡಿನಲ್ಲಿ ಕಾಲ ನೋಡದೆ ವೇಳಾಪಟ್ಟಿ ಹಾಕಿದರೆ ಎಲ್ಲ ಕೆಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಮಾಡಿಗೆ ಮಳೆ ಬಡಿಯುವಾಗ ಮಾತು ಎರಡನೇ ಸಾಲಿಗೂ ಕೇಳದು. ತಮಟೆಯ ಚರ್ಮ ಥಂಡಿಗೆ ಸಡಿಲಾಗಿ ಪ್ರತಿ ಸಲ ಬೆಂಕಿಗೆ ಹಿಡಿಯಬೇಕು. ಪೋಸ್ಟರ್ ಬಣ್ಣ ಒಣಗದೆ ಹಾಳೆಗೆ ಹಾಳೆ ಅಂಟುತ್ತದೆ. ಆ ಮೂರು ತಿಂಗಳು ಪೆನ್ಸಿಲ್, ಇದ್ದಿಲು, ನಾಟಕದ ಓದು. ಸೆಪ್ಟೆಂಬರ್‌ಗೆ ಬಯಲು. ಹಳೇಬೀಡಿನ ಸುತ್ತಲ ಶಾಲೆಗಳಿಗಂತೂ ಡ್ರಾಯಿಂಗ್ ಪುಸ್ತಕವೇ ಬೇಡ: ಹೊಯ್ಸಳೇಶ್ವರ ಗುಡಿಯ ತಳದ ಆನೆ ಸಾಲಿನಲ್ಲಿ ತಲಾ ಒಂದಡಿ ಹಂಚಿ, ನಾಲ್ಕು ಅವಧಿ ಕೊಡಿ. ಪಕ್ಕದವರ ಆನೆ ತನ್ನದರಂತಿಲ್ಲ ಎಂದು ಮಕ್ಕಳೇ ಜಗಳ ತೆಗೆಯುತ್ತಾರೆ. ನೋಡುವುದನ್ನು ಕಲಿಯುವುದು ಆಗಲೇ.

ನಾಟಕಕ್ಕೆ ಆರು ವಾರ. ಎರಡನೇ ವಾರದ ಕೊನೆಗೆ ಕೈಯಿಂದ ಪುಸ್ತಕ ಹೋಗಬೇಕು, ಐದನೇ ವಾರ ವೇಷ ಹಾಕಿಯೇ ಅಭ್ಯಾಸ. ನಲವತ್ತು ಮಕ್ಕಳಲ್ಲಿ 12 ಮಂದಿ ರಂಗದ ಮೇಲೆ. ಮಿಕ್ಕವರಿಗೆ ಬೆಳಕು, ಮೇಳ, ಪರದೆ, ಬಣ್ಣ. ಮುಖ್ಯ ಪಾತ್ರಕ್ಕೆ ಇಬ್ಬರು ಬೇಕು, ಇಲ್ಲದಿದ್ದರೆ ಒಂದು ಜ್ವರಕ್ಕೆ ನಾಟಕವೇ ನಿಲ್ಲುತ್ತದೆ. ಮುಂದೇನು ಎಂಬ ಯೋಚನೆ ಮೊಳೆಯುವುದು ಹೆಚ್ಚಾಗಿ ಪರದೆಯ ಹಿಂದೆ. ಸ್ಪಾಟ್‌ಲೈಟಿಗೆ ವೈರ್ ಎಳೆದವನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಸೀಟು ವಿಚಾರಿಸಬಹುದು, ಲೆಕ್ಕ ಬರೆದವಳು ಕಾಮರ್ಸ್.

ಅಮೆರಿಕದ ಹ್ಯೂಸ್ಟನ್‌ನಲ್ಲಿ 42 ಶಾಲೆಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವಕ್ಕೆ ಕಲಾ ಕಾರ್ಯಕ್ರಮ ಹೆಚ್ಚಿಸಿ ನೋಡಿದರು. ಆ ಕೆಲವು ಶಾಲೆಗಳಲ್ಲಿ ಶಿಸ್ತು ಕ್ರಮಕ್ಕೆ ಒಳಗಾದವರ ಪ್ರಮಾಣ ಉಳಿದವಕ್ಕೆ ಹೋಲಿಸಿದರೆ 3.6 ಶೇಕಡಾ ಅಂಶ ಇಳಿಯಿತು, ಬರವಣಿಗೆಯ ಅಂಕ ಏರಿತು.

ವಿರೋಧ: ಕಡ್ಡಾಯ ಎಂದರೆ ಕಾಗದದ ಮೇಲೆ

ಹ್ಯೂಸ್ಟನ್‌ನ ಮಕ್ಕಳು 3ರಿಂದ 8ನೇ ತರಗತಿಯವರು. ಅಲ್ಲಿ ಗಣಿತ, ವಿಜ್ಞಾನದ ಅಂಕಗಳಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ (ಇಳಿಯಲೂ ಇಲ್ಲ, ಅದನ್ನು ಒಪ್ಪೋಣ). ಉಳಿದ ಹಲವು ಅಧ್ಯಯನಗಳು ತಾವಾಗಿ ಕಲೆಗೆ ಸೇರಿದವರನ್ನೂ ಸೇರದವರನ್ನೂ ಹೋಲಿಸಿದವು. ಶಾಲೆ ಇಷ್ಟವಾಗಿರುವ ಮಗುವೇ ನಾಟಕಕ್ಕೆ ಹೆಸರು ಕೊಡುತ್ತದೆ. ನಾಟಕದಿಂದಲೇ ಶಾಲೆ ಇಷ್ಟವಾಯಿತು ಎನ್ನಲು ಅಷ್ಟು ಸಾಲದು.

ನಮ್ಮ ಕಡೆಯ ಲೆಕ್ಕ ನೋಡಿ. ಮಳೆ ರಜೆ ಕೊಟ್ಟ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸಿಕೊಳ್ಳುತ್ತಾ ಬರುವಷ್ಟರಲ್ಲಿ ಡಿಸೆಂಬರ್. ಮುಂದೆ ಪೂರ್ವಸಿದ್ಧತಾ ಪರೀಕ್ಷೆ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಆ ಅವಧಿ ಹೋಗುವುದು ಪಾಠ ಮುಗಿಯದ ಗಣಿತದ ಮೇಷ್ಟ್ರಿಗೆ, ದಾಖಲೆಯಲ್ಲಿ ಮಾತ್ರ ‘ಕಲೆ’. ಇಂಥ ಸುಳ್ಳು ಅವಧಿಗಿಂತ ಅವಧಿ ಇಲ್ಲದಿರುವುದೇ ಮೇಲು.

ಶಿಕ್ಷಕರಿದ್ದರೂ ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಏನಾಗುತ್ತದೆ? ಭಾವಗೀತೆಗೂ ಏಕಪಾತ್ರಾಭಿನಯಕ್ಕೂ ಭಾಷಣಕ್ಕೂ ಅದೇ ನಾಲ್ಕು ಮಕ್ಕಳು. ಬಹುಮಾನ ಬೇಕೆಂದ ಮೇಲೆ ತೊದಲುವವನಿಗೆ ಯಾರು ಮೈಕ್ ಕೊಡುತ್ತಾರೆ? ಇತ್ತ ಕಡ್ಡಾಯ ಮಾಡಿದರೆ ಅವನನ್ನು ಎಳೆದು ನಿಲ್ಲಿಸುತ್ತಾರೆ. ಹದಿನೈದರ ವಯಸ್ಸಿನಲ್ಲಿ ಮಾತು ಮರೆತು ನಿಂತದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರೆ ಆ ಹುಡುಗ ಮತ್ತೆ ರಂಗ ಹತ್ತುವುದಿಲ್ಲ.

ಕನಸಿನ ಮಾತಿಗೂ ದಾರಿ ಖರ್ಚಿನ ಲೆಕ್ಕ ಬೇಕು. ರಂಗಶಿಕ್ಷಣಕ್ಕೆ ಹೆಗ್ಗೋಡಿನ ನೀನಾಸಂ, ಚಿತ್ರಕಲೆಗೆ ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ‘ಕಾವಾ’. ಎರಡೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆಚೆ. ಅರ್ಹತೆ ಏನು, ಹಾಸ್ಟೆಲ್ ಎಲ್ಲಿ ಎಂದು ಹೇಳದೆ ‘ನಿನ್ನಲ್ಲಿ ಕಲೆ ಇದೆ’ ಎಂದು ಬೆನ್ನು ತಟ್ಟುವುದು ಸುಲಭ.

ಎಂಟು, ಒಂಬತ್ತನೇ ತರಗತಿಗೆ ಕಡ್ಡಾಯ ಇರಲಿ. ಹತ್ತಕ್ಕೆ ಜೂನ್‌ನಲ್ಲೇ ಕಲೆ ಬೇಕೋ ಬೇಡವೋ ಎಂದು ಬರೆಸಿಕೊಂಡು, ಬೇಕೆಂದವರಿಗೆ ಜೋಡಿ ಅವಧಿ ಕೊಡಿ, ಡಿಸೆಂಬರ್‌ವರೆಗೆ ಮಾತ್ರ. ಉಳಿದವರು ಆ ಹೊತ್ತಿನಲ್ಲಿ ಗಣಿತದ ಪರಿಹಾರ ಬೋಧನೆಗೆ ಕೂರಲಿ.