ಒಲೆಗೊಂದು ಕಂಬಳಿ

ನಾವಿರುವ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಫೆಬ್ರವರಿ ಕೊನೆಗೆ ಜನಕ್ಕೆ ಒಂಥರಾ ಹುಚ್ಚು ಹಿಡಿಯುತ್ತದೆ. ರಾತ್ರಿ ನೀರು ಗಡ್ಡೆ ಕಟ್ಟಬೇಕು, ಹಗಲು ಹಿಮ ಕರಗಬೇಕು. ಆಗ ಮೇಪಲ್ ಮರದಿಂದ ರಸ ತೊಟ್ಟಿಕ್ಕುತ್ತದೆ. ನಮ್ಮ ಹಿತ್ತಿಲಲ್ಲಿ ಆರು ಮರಗಳಿವೆ. ಮೂರನೇ ವರ್ಷಕ್ಕೆ ಹುಚ್ಚು ನನಗೂ ಹತ್ತಿತು.

ನಾನು ಶಿರಸಿ ಕಡೆಯವನು. ಆಲೆಮನೆ ನೋಡಿ ಬೆಳೆದವನಿಗೆ ರಸ ಕುದಿಸುವುದನ್ನು ಯಾರು ಹೇಳಿಕೊಡಬೇಕು? ಆಲೆಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸ ಬಿಸಿ ಬೆಲ್ಲ ನೆಕ್ಕುವುದೊಂದೇ ಅನ್ನುವುದು ಆಮೇಲೆ ನೆನಪಾಯಿತು.

ಮೇಪಲ್ ರಸ ಅಂದರೆ ಹೆಚ್ಚುಕಡಿಮೆ ನೀರೇ. ಸಕ್ಕರೆ ಇರುವುದು ಸುಮಾರು 2%. ಒಂದು ಲೀಟರ್ ಸಿರಪ್‌ಗೆ 40 ಲೀಟರ್ ರಸ ಕುದಿಸಬೇಕು. ನಾನು ತಂದಿದ್ದು ಸೆಕೆಂಡ್‌ಹ್ಯಾಂಡ್ ತಗಡಿನ ಒಲೆ. ಮೂರು ತಾಸು ಸೌದೆ ಉರಿಸಿದೆ. ಸುತ್ತಲಿನ ಹಿಮವೆಲ್ಲ ಕರಗಿತು, ನನ್ನ ಬೂಟಿನ ತುದಿಯ ರಬ್ಬರು ಮೆತ್ತಗಾಯಿತು. ರಸ ಮಾತ್ರ ಕುದಿಯಲಿಲ್ಲ.

ಒಲೆಯ ಒಳಗೋಡೆಗೆ ಏನಾದರೂ ಹೊದಿಸಬೇಕು ಅನ್ನುವುದು ಗೊತ್ತಾಯಿತು. ಗ್ಯಾರೇಜಿನಲ್ಲಿ ಮನೆ ಗೋಡೆಗೆ ತುಂಬಿ ಉಳಿದಿದ್ದ ಗುಲಾಬಿ ಬಣ್ಣದ ಗಾಜಿನ ಎಳೆಗಳ ಹತ್ತಿ, ಅಂದರೆ ಫೈಬರ್‌ಗ್ಲಾಸ್ ಇತ್ತು. ಚಳಿ ತಡೆಯುವುದು ಬಿಸಿ ತಡೆಯದೇ ಇರುತ್ತದೆಯೇ? ತುರುಕಿದೆ. ಹತ್ತೇ ನಿಮಿಷ. ಅದರೊಳಗಿನ ಅಂಟು ಸುಟ್ಟು ಗುಲಾಬಿ ಹೋಗಿ ಕಪ್ಪಾಯಿತು, ಹೊಗೆ ಎದ್ದಿತು, ಹತ್ತಿ ಕುಗ್ಗಿ ಮುದ್ದೆಯಾಯಿತು. ಹೆಂಡತಿ ಕಿಟಕಿಯಿಂದ ಇಣುಕಿ, ‘ರೀ, ಟೈರ್ ಸುಡ್ತಿದೀರಾ?’ ಎಂದಳು.

ವೀಡಿಯೊ ಕಾಲ್‌ನಲ್ಲಿ ಅಪ್ಪ, ‘ಮಣ್ಣು ಮೆತ್ತಾ ತಮಾ’ ಎಂದರು. ಅವರಿಗೇನು, ಹೇಳಿಬಿಟ್ಟರು. ಇಲ್ಲಿ ನೆಲ ಕಲ್ಲಾಗಿ ಹೆಪ್ಪುಗಟ್ಟಿತ್ತು, ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು. ತಿಂಗಳು ಕಾದಿದ್ದರೆ ಊರೆಲ್ಲ ಕೆಸರಾಗುತ್ತಿತ್ತು, ಆದರೆ ಅಷ್ಟೊತ್ತಿಗೆ ರಸ ಮುಗಿಯುತ್ತದೆ.

ಆಮೇಲೆ ಹಗುರವಾದ ಬಿಳಿ ಇಟ್ಟಿಗೆ ತಂದೆ. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಮೊದಲ ಕೊರಡು ಎಸೆದಾಗಲೇ ರಸ್ಕಿನ ಹಾಗೆ ಮುರಿಯಿತು.

ಕೊನೆಗೆ ಪಕ್ಕದ ಮನೆಯ ಅಜ್ಜ ಬಂದು ನೋಡಿ ಮನಸಾರೆ ನಕ್ಕ. ಒಳಗೆ ಬೆಂಕಿ ತಾಳುವ ಸೆರಾಮಿಕ್ ಎಳೆಗಳ ಕಂಬಳಿ, ಅದರ ಮುಂದೆ ಗಟ್ಟಿ ಬೆಂಕಿಇಟ್ಟಿಗೆ, ಅಷ್ಟೇ ಎಂದ. ಕಂಬಳಿ ಬಿಸಿ ತಡೆಯುತ್ತದೆ, ಇಟ್ಟಿಗೆ ಸೌದೆಯ ಪೆಟ್ಟು ತಿನ್ನುತ್ತದೆ. ಕಂಬಳಿಯ ದಪ್ಪ ಒಂದೇ ಇಂಚು, ಆದರೂ 1,260 ಡಿಗ್ರಿ ಸೆಲ್ಸಿಯಸ್ ತಾಳುತ್ತದಂತೆ. ಮಾಸ್ಕ್ ಹಾಕಿಕೋ, ಆ ಎಳೆಗಳು ಎದೆಯೊಳಗೆ ಹೋಗಬಾರದು ಎಂದೂ ಹೇಳಿದ. ಮಾಸ್ಕ್ ಹಾಕಿಕೊಂಡೆ. ಅಂಗಿಯ ತೋಳು ಮಡಚಿದ್ದನ್ನು ಇಳಿಸಲು ಮರೆತೆ. ನಸುಗುನ್ನಿ ಕಾಯಿ ತಾಗಿದವನ ಹಾಗೆ ರಾತ್ರಿಯಿಡೀ ಮೊಣಕೈ ಕೆರೆದುಕೊಂಡೆ.

ಗಾರೆಯ ಹಸಿ ಆರಲೆಂದು ಒಂದು ದಿನ ಸಣ್ಣ ಉರಿ ಹಾಕಿ, ಮರುದಿನ ಜೋರು ಮಾಡಿದೆ. ಅಬ್ಬಾ! ಹೊರಗಿನ ತಗಡು ಬೆಚ್ಚಗಷ್ಟೇ ಇತ್ತು, ಮೇಲೆ ರಸ ಕೊತಕೊತ. ನೊರೆ ಉಕ್ಕಿದಾಗ ಚೂರು ಬೆಣ್ಣೆ ಹಾಕಿದರೆ ಸುಮ್ಮನಾಗುತ್ತಿತ್ತು. ಸಂಜೆ ಹೊತ್ತಿಗೆ ಪಾಕ ಹೊಂಬಣ್ಣಕ್ಕೆ ತಿರುಗಿ, ಥರ್ಮಾಮೀಟರು 103 ಮುಟ್ಟಿತು. 104 ಆದಾಗ ಒಲೆಯಿಂದ ಇಳಿಸಿದರೆ ಸಿರಪ್. ಸೌದೆ ಹಾಕುವುದನ್ನು ನಿಲ್ಲಿಸಿ, ಹೆಮ್ಮೆಯಿಂದ ಅಪ್ಪನಿಗೆ ಫೋನ್ ಮಾಡಿದೆ.

ಹಳೆಯ ಒಲೆಯಾಗಿದ್ದರೆ ಉರಿ ಇಳಿಯುತ್ತಿದ್ದ ಹಾಗೆ ತಣ್ಣಗಾಗುತ್ತಿತ್ತು. ಇದು ಈಗ ಕಂಬಳಿ ಹೊದ್ದ ಒಲೆ. ಕೊರಡು ಕೆಂಡವಾದರೂ ಇಟ್ಟಿಗೆ ಬಿಸಿ ಬಿಡಲಿಲ್ಲ. ಇಟ್ಟಿಗೆಯ ಗುಣಗಾನ ಮುಗಿಸಿ ತಿರುಗಿ ನೋಡಿದಾಗ ಮುಳ್ಳು 116ರಲ್ಲಿತ್ತು. ಗುಳ್ಳೆಗಳು ದಪ್ಪಗೆ, ನಿಧಾನವಾಗಿ ಪುಳಕ್ ಎನ್ನುತ್ತಿದ್ದವು.

‘ಫೋನು ಹತ್ರ ಹಿಡಿ’ ಎಂದರು ಅಪ್ಪ. ನೋಡಿದರು. ‘ಇದು ಸಿರಪ್ಪಲ್ಲ, ಬೆಲ್ಲ. ಇಳಿಸಿ ಕಲಕು. ಅಚ್ಚು ಇದ್ದಾ?’

ಹೆಂಡತಿ ಒಳಗಿಂದ ಇಡ್ಲಿ ತಟ್ಟೆಗೆ ತುಪ್ಪ ಸವರಿಕೊಂಡು ಬಂದಳು.