ಊತ ಇಳಿದರೆ ಸಾಲದು, ಪಾದಕ್ಕೆ ಮತ್ತೆ ಕಲಿಸಬೇಕು

ಬ್ಯಾಲೆನ್ಸ್ ಬೋರ್ಡ್ (ಸಮತೋಲನ ಅಭ್ಯಾಸಕ್ಕೆ ಮೇಲೆ ನಿಲ್ಲುವ, ವಾಲಾಡುವ ಹಲಗೆ) ಬಗ್ಗೆ ನಿಮ್ಮದು ಒಳ್ಳೆಯ ಲೇಖನ. ಆದರೆ ಯಾವ ವಯಸ್ಸಿನವರೂ ಮನೆಯಲ್ಲೇ ಶುರು ಮಾಡಬಹುದು ಅಂತ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

ಇಲ್ಲಿ ದಾವಣಗೆರೆಯಲ್ಲಿ ನನ್ನ ಮಗಳು ಖೋಖೋ ಆಡುತ್ತಾಳೆ. ಕಂಬ ಸುತ್ತುವಾಗ ಪಾದ ಒಳಕ್ಕೆ ಹೊರಳಿ ಉಳುಕಿತ್ತು. ಊತ ಇಳಿಯಿತು, ನೋವೂ ಹೋಯಿತು. ಆದರೂ ಅದೇ ಕಾಲು ಮತ್ತೆ ಮತ್ತೆ ಹೊರಳುತ್ತಿತ್ತು. ಪಾದ ಎತ್ತ ವಾಲುತ್ತಿದೆ ಅಂತ ಮೆದುಳಿಗೆ ತಿಳಿಸುವ ನರದ ತುದಿಗಳು ಕೀಲಿನ ಸುತ್ತಲೇ ಇರುತ್ತವಂತೆ. ಉಳುಕಿದ ಮೇಲೆ ಅವು ಮಂದವಾಗುತ್ತವೆ. ಬೋರ್ಡ್ ಮೇಲೆ ನಿಲ್ಲಿಸುವುದು ಆ ಅರಿವನ್ನು ಮತ್ತೆ ಚುರುಕು ಮಾಡುವುದಕ್ಕೆ.

ಫಿಸಿಯೋಥೆರಪಿ ಮೇಡಂ ಮೊದಲು ನೆಲದ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿದರು. ಆಮೇಲೆ ಹಿಂದೆ ಮುಂದೆ ಮಾತ್ರ ವಾಲುವ ರಾಕರ್ ಬೋರ್ಡ್. ಎಲ್ಲ ಕಡೆಗೂ ವಾಲುವ ದುಂಡನೆಯ ವಾಬಲ್ ಬೋರ್ಡ್ ಕೊಟ್ಟಿದ್ದು ಕೊನೆಗೆ. ಅದರ ಅಂಚು ಟಕ್ ಟಕ್ ಅಂತ ನೆಲಕ್ಕೆ ಬಡಿಯುತ್ತಿತ್ತು. ಕಾಲ್ಬೆರಳು ಹಲಗೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು. "ಬೆರಳು ಸಡಿಲ ಬಿಡು ಪುಟ್ಟಿ, ಮಂಡಿ ಸ್ವಲ್ಪ ಬಗ್ಗಿಸು" ಅನ್ನುತ್ತಿದ್ದರು. ಈಗ ಅವಳು ಧೈರ್ಯವಾಗಿ ಓಡುತ್ತಾಳೆ.

ಕುಂದುವಾಡ ಕೆರೆ ಹತ್ತಿರ ವಾಕಿಂಗ್ ಬರುವ ಹಿರಿಯರೂ ಈಗ ಬೋರ್ಡ್ ತರಿಸುವ ಮಾತಾಡುತ್ತಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ತಲೆಸುತ್ತು ಇರುವವರು ದಯವಿಟ್ಟು ಸುಮ್ನೆ ಹತ್ತಬೇಡಿ. ಮೊದಲು ಡಾಕ್ಟರನ್ನು ಕೇಳಿ. ನಯವಾದ ಟೈಲ್ಸ್ ಮೇಲೆ ಬೋರ್ಡ್ ಜಾರುತ್ತದೆ, ಕೆಳಗೆ ಮ್ಯಾಟ್ ಹಾಕಿ. ಪಕ್ಕದಲ್ಲಿ ಗೋಡೆ ಇರಲಿ, ಒಬ್ಬರು ನಿಂತಿರಲಿ. ಲೇಖನದಲ್ಲೂ ಇಷ್ಟು ಸೇರಿಸುತ್ತೀರಾ?