ಎಡ ತೋಳಿನಲ್ಲಿ ಸಣ್ಣ ಕಲೆ ಇದೆ

ಟೋಕಿಯೊಗೆ ಬಂದ ಮೊದಲ ಚಳಿಗಾಲದಲ್ಲಿ ನಾನೊಂದು ಉಣ್ಣೆಯ ಕೋಟು ಕೊಂಡೆ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಬೆಲೆಯ ಕೆಳಗೆ ಪೆನ್ನಿನಿಂದ ಬರೆದ ಒಂದು ಸಾಲಿತ್ತು. ನನಗಾಗ ಜಪಾನಿ ಓದಲು ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಆಫೀಸಿನ ಗೆಳೆಯ ಓದಿ ಹೇಳಿದ: "ಎಡ ತೋಳಿನಲ್ಲಿ ಸಣ್ಣ ಕಲೆ ಇದೆ." ಹುಡುಕಿದೆ. ಕಾಳುಮೆಣಸಿನಷ್ಟು ಕಲೆ. ಅಂಗಡಿಯವರೇ ಹೇಳದಿದ್ದರೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅದು ಹಳೇ ಬಟ್ಟೆಯ ಅಂಗಡಿ. ಇರುವುದು ಟೋಕಿಯೊದ ಶಿಮೊಕಿತಜಾವ ಎಂಬ ಬಡಾವಣೆಯಲ್ಲಿ. ಶಿಬುಯಾ ನಿಲ್ದಾಣದಿಂದ ಇನೊಕಾಶಿರಾ ರೈಲು ಲೈನಿನ ಎಕ್ಸ್‌ಪ್ರೆಸ್ ಹತ್ತಿದರೆ ಐದು ನಿಮಿಷವೂ ಬೇಡ. ಇಲ್ಲಿನ ಓಣಿಗಳು ಕಿರಿದು, ನಡೆದೇ ತಿರುಗಬೇಕು. ಪುಟ್ಟ ಪುಟ್ಟ ನಾಟಕದ ಥಿಯೇಟರ್‌ಗಳು, ಕರ್ರಿ-ಅನ್ನದ ಹೋಟೆಲ್‌ಗಳು, ಅವುಗಳ ಮಧ್ಯೆ ಎಲ್ಲಿ ನೋಡಿದರೂ ಹಳೇ ಬಟ್ಟೆ ತೂಗುಹಾಕಿದ ಅಂಗಡಿಗಳು. 2013ರಲ್ಲಿ ಒಡಾಕ್ಯು ರೈಲಿನ ಹಳಿ ನೆಲದಡಿಗೆ ಹೋಯಿತು. ಮೇಲೆ ಖಾಲಿಯಾದ ಜಾಗದಲ್ಲೂ ಈಗ ಅಂಗಡಿ, ಕಾಫಿ ಮನೆಗಳು ಬಂದಿವೆ. ಭಾನುವಾರ ಮಧ್ಯಾಹ್ನ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಇಲ್ಲಿ ಮೊದಲು ಸಾರ್ವಜನಿಕ ಸ್ನಾನದ ಮನೆಯಾಗಿದ್ದ ಜಾಗದಲ್ಲಿ ಶುರುವಾದ ಒಂದು ಅಂಗಡಿಯ ಹೆಸರು ನ್ಯೂಯಾರ್ಕ್ ಜೋ. ಜಪಾನಿಯಲ್ಲಿ 'ನ್ಯೂಯೊಕು-ಜೋ' ಅಂದರೆ ಸ್ನಾನ ಮಾಡುವ ಜಾಗ. ಹೊಸ ವ್ಯಾಪಾರ ಬಂದರೂ ಹಳೇ ಜಾಗದ ನೆನಪು ಹೆಸರಿನಲ್ಲೇ ಉಳಿದಿದೆ. ನನಗೆ ಇದು ತುಂಬ ಇಷ್ಟ.

ಇಲ್ಲಿ ಹಳೇ ಬಟ್ಟೆಗೆ 'ಫುರುಗಿ' ಅನ್ನುತ್ತಾರೆ. ಆ ಮಾತಿನಲ್ಲಿ ನಾಚಿಕೆಯಿಲ್ಲ. ಕಾಲೇಜು ಹುಡುಗಿಯರು, ಕೂದಲು ನರೆತ ಗಂಡಸರು, ಎಲ್ಲರೂ ಸಾಲಾಗಿ ನಿಂತು ಹ್ಯಾಂಗರ್ ಸರಿಸುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟೋಕಿಯೊದ ಉಎನೊದಲ್ಲಿರುವ ಅಮೆಯೊಕೊ ಬಜಾರಿನಲ್ಲಿ ಅಮೆರಿಕನ್ ಸೈನ್ಯದ ಬಟ್ಟೆ ಮಾರುತ್ತಿದ್ದರಂತೆ. ಹೊಸದು ಸಿಗದ ದಿನಗಳು ಅವು. ಆ ಕಷ್ಟಕಾಲದ ವ್ಯಾಪಾರ ಇಂದು ಶೋಕಿಯಾಗಿದೆ. ಜೀನ್ಸಿನ ಹಿಂದಿನ ಜೇಬಿನ ಕೆಂಪು ಪಟ್ಟಿಯಲ್ಲಿ ಲೀವೈಸ್ ಹೆಸರಿನ 'ಇ' ದೊಡ್ಡಕ್ಷರವಾಗಿದ್ದರೆ ಅದು 1971ಕ್ಕಿಂತ ಹಿಂದಿನದು ಎಂದು ಇಲ್ಲಿನ ಹುಡುಗರು ಥಟ್ಟನೆ ಹೇಳುತ್ತಾರೆ.

ಕೋಟು ಹಾಕಿಕೊಂಡು ಹುಬ್ಬಳ್ಳಿಗೆ ವಿಡಿಯೊ ಕಾಲ್ ಮಾಡಿದೆ. ಅವ್ವನಿಗೆ ಕೋಟು ಹಿಡಿಸಿತು. ಹಳೇದು ಅಂದ ಕೂಡಲೇ ಮುಖ ಬದಲಾಯಿತು.

"ಯಾರ ಮೈಮ್ಯಾಲಿಂದೋ ಏನೋ. ಹೊಸಾದು ತಗೊಳ್ಳಾಕ ರೊಕ್ಕ ಇದ್ದಿದ್ದಿಲ್ಲೇನು?"

ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಹಳೇ ಬಟ್ಟೆ ಇರಲಿಲ್ಲ ಅಂತೇನಿಲ್ಲ. ಅಣ್ಣನ ಅಂಗಿ ನನಗೆ, ನನ್ನದು ಕಾಕಾನ ಮಗನಿಗೆ. ಅಜ್ಜಿ ಬ್ಯಾಸಗಿಯಲ್ಲಿ ಪಡಸಾಲೆ ತುಂಬ ಹಳೇ ಸೀರೆ ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಪದರದ ಮೇಲೆ ಪದರ, ಉದ್ದಕ್ಕೂ ಕೈಹೊಲಿಗೆ. ಇದು ಅವ್ವನ ಮದುವೆಯ ಇಳಕಲ್, ಇದು ಅತ್ತೆಯ ಬಾಣಂತನದ ಸೀರೆ ಎಂದು ಹೊದ್ದು ಮಲಗಿದಾಗ ಬೆರಳಿಟ್ಟು ತೋರಿಸಬಹುದಿತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಬಟ್ಟೆಯನ್ನು ಹೂವಿನಂತೆ ಮಡಚಿ ಹೊಲಿಯುತ್ತಾರೆ. ಉತ್ತರ ಜಪಾನಿನ ಬಡ ರೈತರೂ ಹೀಗೇ ತೇಪೆಯ ಮೇಲೆ ತೇಪೆ ಹಾಕಿ ಬಟ್ಟೆ ಉಳಿಸಿಕೊಂಡರು. ಅದಕ್ಕೆ 'ಬೊರೊ' ಎಂದು ಹೆಸರು. ಅಂಥದ್ದೊಂದನ್ನು ಮೊದಲ ಸಲ ನೋಡಿದಾಗ ನನಗೆ ಅಜ್ಜಿಯ ಕೈ ನೆನಪಾಯಿತು.

ಅಂದರೆ ಹಳೇದು ನಮಗೆ ಹೊಸದಲ್ಲ. ನಮಗೆ ಬೇಡದ್ದು ಪರರ ಹಳೇದು. ಸ್ವಚ್ಛತೆ ಇದಕ್ಕೆ ಕಾರಣ ಅಂತ ನನಗೆ ಅನಿಸುವುದಿಲ್ಲ. ಹೋಟೆಲಿನ ಹಾಸಿಗೆ, ಬಾಡಿಗೆಯ ಶೇರವಾನಿ ನಡೆಯುತ್ತದೆ, ಅಲ್ವಾ? ಉಟ್ಟವರ ಜಾತಿ ಯಾವುದೋ, ಅವರು ಬದುಕಿದ್ದಾರೋ ಇಲ್ಲವೋ, ಕೊಳ್ಳುವಾಗ ಯಾರಾದರೂ ನೋಡಿದರೋ. ನಮ್ಮನ್ನು ಹಿಡಿದಿರುವುದು ಈ ಮೂರು ಭಯಗಳು. ಬೆಂಗಳೂರಿನಲ್ಲಿ ಭಾನುವಾರ ಹಳೇ ಸಾಮಾನು ಮಾರುವ ಜಾಗಕ್ಕೆ ನಾವಿಟ್ಟ ಹೆಸರೇ ಚೋರ್ ಬಜಾರ್. ಜಪಾನಿನಲ್ಲಿ ಹಳೇ ಸಾಮಾನಿನ ವ್ಯಾಪಾರಕ್ಕೆ 1949ರಿಂದ ಕಾನೂನಿದೆ, ಪೊಲೀಸರ ಮೂಲಕ ಪರವಾನಗಿ ಪಡೆಯಬೇಕು. ನಾನು ಅಂಗಿಗಳನ್ನು ಮಾರಲು ಹೋದಾಗ ನನ್ನ ಗುರುತಿನ ಕಾರ್ಡ್ ಕೇಳಿ ಬರೆದುಕೊಂಡರು. ಕದ್ದ ಮಾಲು ಬರಬಾರದು ಅಂತ. ಮೂರು ಅಂಗಿ ತೆಗೆದುಕೊಂಡರು. ಬೇಡವಾದ ನಾಲ್ಕನ್ನು ನಾನು ತಂದಿದ್ದಕ್ಕಿಂತ ಚೆನ್ನಾಗಿ ಮಡಚಿ ಕೊಟ್ಟರು.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ನಾವು ಕೊಡುವ ರೀತಿ. 2019ರ ಆಗಸ್ಟಿನಲ್ಲಿ ನೆರೆ ಬಂದಾಗ ನಾನು ರಜೆಗೆ ಊರಿಗೆ ಬಂದಿದ್ದೆ. ಒಂದು ಶಾಲೆಯಲ್ಲಿ ದಾನ ಬಂದ ಬಟ್ಟೆ ವಿಂಗಡಿಸಲು ಹೋದೆ. ಗಂಟು ಬಿಚ್ಚಿದರೆ ಹುಕ್ಕಿಲ್ಲದ ಬ್ಲೌಸು, ಜಿಪ್ಪು ಕಿತ್ತ ಪ್ಯಾಂಟು, ಒಗೆಯದ ಬನಿಯನ್ನು. ಮನೆ ಕಳೆದುಕೊಂಡ ಹೆಣ್ಣುಮಗಳೊಬ್ಬಳು ಒಂದು ಸೀರೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನಡುವೆ ಅಂಗೈ ಅಗಲದ ತೂತು. ಏನೂ ಮಾತಾಡದೆ ಮಡಚಿ ಇಟ್ಟಳು. ಆ ಸೀರೆ ಕಳಿಸಿದವರು ಕೆಟ್ಟವರಲ್ಲ. ಪಡೆಯುವವರು ಅದನ್ನು ಉಡುತ್ತಾರೆ ಎನ್ನುವುದು ಅವರ ತಲೆಗೆ ಬಂದಿರಲಿಲ್ಲ, ಅಷ್ಟೇ. ನನ್ನ ಕೋಟಿನ ಚೀಟಿ ಬರೆದವರಿಗೆ ಅದು ಬಂದಿತ್ತು.

ಶಿಮೊಕಿತಜಾವದಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಅಗ್ಗವೆಂದು ಚೀಲಗಟ್ಟಲೆ ಕೊಂಡು ಒಂದೇ ಸಲ ಹಾಕಿ ಬಿಡುವವರೂ ಇದ್ದಾರೆ. ಜಪಾನಿನಲ್ಲಿ ಬೇಡವಾದ ಹಳೇ ಬಟ್ಟೆ ರಾಶಿ ರಾಶಿಯಾಗಿ ಮಲೇಷ್ಯಾಕ್ಕೆ ಹೋಗುತ್ತದೆ. ನಮ್ಮ ದೇಶಕ್ಕೆ ಹೊರಗಿನ ಹಳೇ ಬಟ್ಟೆ ಲೈಸೆನ್ಸ್ ಇಲ್ಲದೆ ಬರುವಂತಿಲ್ಲ. ಕತ್ತರಿಸಿ ಚಿಂದಿ ಮಾಡಿದ್ದು ಬರುತ್ತದೆ, ಪಾಣಿಪತ್ತಿನಲ್ಲಿ ಅದರಿಂದ ನೂಲು ತೆಗೆದು ಕಂಬಳಿ ಮಾಡುತ್ತಾರೆ. ಅಜ್ಜಿಯ ಕೌದಿಗೆ ಹಡಗೂ ಬೇಕಿರಲಿಲ್ಲ, ಮಿಲ್ಲೂ ಬೇಕಿರಲಿಲ್ಲ. ಆ ಲೆಕ್ಕದಲ್ಲಿ ಅಜ್ಜಿಯೇ ಮುಂದು.

ಒಂದು ಮಾತು ಹೇಳಲೇಬೇಕು. ಅಪ್ಪ ತೀರಿಕೊಂಡಾಗ ಹನ್ನೊಂದು ದಿನದೊಳಗೆ ಅವರ ಅಂಗಿ, ಧೋತರ, ಸ್ವೆಟರ್ ಎಲ್ಲವನ್ನೂ ಗಂಟು ಕಟ್ಟಿ ಕೊಟ್ಟುಬಿಟ್ಟರು. ಮನೆಯಲ್ಲಿ ಇಡಬಾರದಂತೆ. ಜಪಾನಿನಲ್ಲಿ 'ಕತಾಮಿವಾಕೆ' ಅಂತ ಒಂದು ಪದ್ಧತಿಯಿದೆ. ಸಾಮಾನ್ಯವಾಗಿ 49ನೇ ದಿನದ ಕಾರ್ಯ ಮುಗಿದ ಮೇಲೆ ಸತ್ತವರ ಕಿಮೊನೊ, ಗಡಿಯಾರಗಳನ್ನು ಹತ್ತಿರದವರು ನೆನಪಿಗೆಂದು ಹಂಚಿಕೊಳ್ಳುತ್ತಾರೆ. ಅದನ್ನು ಕೇಳಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಅಪ್ಪನ ಆ ಕಂದು ಸ್ವೆಟರ್ ನನಗೆ ಬೇಕಿತ್ತು. ಕೇಳಲು ನನಗೆ ಧೈರ್ಯ ಬಂದಿರಲಿಲ್ಲ.

ಈಗ ಬೆಂಗಳೂರಿನ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ 'ಥ್ರಿಫ್ಟ್' ಎಂದು ಹಳೇ ಬಟ್ಟೆ ಕೊಳ್ಳುತ್ತಾರೆ. ನನಗೆ ಖುಷಿ. ಆದರೆ ಫೋನಿನಲ್ಲಿ ಕೊಂಡರೆ ಓಣಿಯವರ ಎದುರಿನ ನಾಚಿಕೆ ಹೋಗುವುದಿಲ್ಲ. ಅಂಗಡಿ ರಸ್ತೆಯಲ್ಲೇ ಬೇಕು, ಹುಬ್ಬಳ್ಳಿಯ ದುರ್ಗದ ಬೈಲಿನಂಥ ಗದ್ದಲದ ಜಾಗದಲ್ಲಿ. ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಚ್ಚಿ, ಕಲೆ ಇದ್ದರೆ ಇದೆ ಎಂದು ಬರೆದು ತೂಗುಹಾಕಿರಬೇಕು. ಆಟೊ ಓಡಿಸುವವರೂ ಕಾಲೇಜಿನ ಮೇಷ್ಟ್ರೂ ಒಂದೇ ಕನ್ನಡಿಯ ಮುಂದೆ ನಿಂತು ಹಾಕಿ ನೋಡುವಂತಿರಬೇಕು.

ಹೋದ ಸಲ ಊರಿಗೆ ಹೋದಾಗ ನನ್ನ ಹಳೇ ಅಂಗಿಗಳನ್ನು ಕೊಡಲು ತೆಗೆದಿಟ್ಟೆ. ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದು ನೋಡಿ ಅವ್ವ, "ಕೊಡೋ ಅರಿಬಿಗೆ ಇಸ್ತ್ರಿ ಯಾಕೋ?" ಎಂದಳು. ಯಾರೋ ಹಾಕ್ಕೋತಾರಲ್ಲವ್ವಾ ಎಂದೆ. ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಚಸ್ಮಾ ಹಾಕಿಕೊಂಡು ಬಂದು, ನೀಲಿ ಅಂಗಿಯ ಸಡಿಲಾದ ಗುಂಡಿಗೆ ಸೂಜಿ ಪೋಣಿಸತೊಡಗಿದಳು.